ಕಾರು ನನ್ನದು, ಫೋನ್ ಹಿಡಿದದ್ದು ಭಾವ: ಚಲನ್ ಯಾರ ತಲೆಗೆ?

ಕೆಂಗೇರಿ ಕಿಟ್ಟಿ

ಎಲ್ಲರಿಗೂ ನಮಸ್ಕಾರ. ಸಣ್ಣ ಕೇಸು, ಆದ್ರೆ ಮನೆಯಲ್ಲಿ ದೊಡ್ಡ ರಂಪ ಆಗಿದೆ. ಭಾವ ಒಂದು ಮದುವೆಗೆ ಅಂತ ನನ್ನ ಕಾರು ತೆಗೆದುಕೊಂಡು ಮೈಸೂರಿಗೆ ಹೋಗಿದ್ದರು. ಈಗ ನನ್ನ ಮೊಬೈಲಿಗೆ ಚಲನ್ ಬಂದಿದೆ. ಗಾಡಿ ಓಡಿಸುವಾಗ ಫೋನ್ ಬಳಕೆ, ಸೆಕ್ಷನ್ 184.

ಜೊತೆಗೆ ಫೋಟೊನೂ ಇದೆ. ಹೆದ್ದಾರಿ ಕ್ಯಾಮೆರಾ ಮೇಲಿನಿಂದ ತೆಗೆದದ್ದು. ಗಾಜಿನ ಒಳಗೆ ಎಲ್ಲ ಬೂದು ಬೂದು. ಭಾವನ ಎಡಗೈ ಸ್ಟೇರಿಂಗ್ ಮೇಲಿದೆ. ಬಲಗೈ ಕಿವಿ ಹತ್ತಿರ, ಹೆಬ್ಬೆರಳು ಕೆನ್ನೆಯ ಕೆಳಗೆ, ಬೆರಳುಗಳ ಸಂದಿಯಲ್ಲಿ ಕಪ್ಪಗೆ ಏನೋ ಒಂದು. ಪಕ್ಕದ ಸೀಟಿನಲ್ಲಿ ಅಕ್ಕ ಬಾಯಿ ತೆರೆದು ನಿದ್ದೆ ಮಾಡುತ್ತಿರುವುದು ಮಾತ್ರ ಚೆನ್ನಾಗಿ ಕಾಣಿಸುತ್ತೆ. ಭಾವ ಹೇಳೋದು, "ಕಿವಿ ಕೆರೆದುಕೊಳ್ಳುತ್ತಿದ್ದೆ ಮಾರಾಯ, ಕೋರ್ಟಿಗೆ ಹೋಗು".

ದಂಡ ಕಟ್ಟಿ ಮುಗಿಸೋಣ ಅಂತ ಸೆಕ್ಷನ್ ಓದಿದೆ. 6 ತಿಂಗಳು ಜೈಲು ಅಂತ ಬರೆದಿದೆ! ಫೋನ್ ಹಿಡಿದರೆ ಜೈಲಾ? ನನ್ನ ಲೈಸೆನ್ಸಿಗೆ ಏನಾದರೂ ಆಗುತ್ತಾ? ತಿಳಿದವರು ಹೇಳಿ.

ದೊಡ್ಡಬಳ್ಳಾಪುರ ಎಕ್ಸ್‌ಪ್ರೆಸ್

ಮೊದಲು ಆ ಮೆಸೇಜ್ ಅಸಲಿ ಹೌದಾ ನೋಡಿ. ಸುಳ್ಳು ಚಲನ್ ಕಳಿಸಿ, ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಹಾಕಿಸಿ, ಬ್ಯಾಂಕ್ ಖಾತೆ ಖಾಲಿ ಮಾಡುವವರು ಜಾಸ್ತಿ ಆಗಿದ್ದಾರೆ. ಲಿಂಕ್ ಒತ್ತಬೇಡಿ. ಸರ್ಕಾರದ ಪರಿವಾಹನ್ ಸೈಟಿಗೆ ನೀವೇ ಹೋಗಿ, ಗಾಡಿ ನಂಬರ್ ಹಾಕಿ ನೋಡಿ.

ಕೆಂಗೇರಿ ಕಿಟ್ಟಿ

ನೋಡಿದೆ. ಅಸಲಿನೇ. ಫೋಟೊ ಅಲ್ಲೇ ಸಿಕ್ಕಿದ್ದು.

ಕೋರ್ಟ್ ಕಾರಿಡಾರ್

ಕಿಟ್ಟಿಯವರೇ, ಒಂದೊಂದಾಗಿ ಹೇಳ್ತೀನಿ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

184 ಅಂದರೆ ಅಪಾಯಕಾರಿ ಚಾಲನೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲಿನಿಂದ ಇದೆ. ಆದ್ರೆ ಅದರಲ್ಲಿ ಫೋನಿನ ಹೆಸರೇ ಇರಲಿಲ್ಲ. 2019ರ ತಿದ್ದುಪಡಿ ಬಂದು, ಆ ವರ್ಷ ಸೆಪ್ಟೆಂಬರ್ 1ರಿಂದ ಜಾರಿಯಾದ ಮೇಲೆ, ಕೈಯಲ್ಲಿ ಹಿಡಿದ ಸಂಪರ್ಕ ಸಾಧನ ಬಳಸುವುದೂ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿತು. ಕೆಂಪು ದೀಪ ಹಾರಿಸುವುದು, ಎದುರು ದಿಕ್ಕಿನಲ್ಲಿ ಓಡಿಸುವುದು, ಇವೆಲ್ಲ ಅದೇ ಪಟ್ಟಿಯಲ್ಲಿವೆ. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 10,000 ದಂಡ.

ಹೆದರಬೇಡಿ. ಅದೇ ಕಾಯ್ದೆಯ 200ನೇ ಸೆಕ್ಷನ್ನಿನಲ್ಲಿ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ಕೋರ್ಟಿಗೆ ಹೋಗದೆ ದಂಡ ಕಟ್ಟಿ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿ ಅದು. 184ರ ಎಲ್ಲ ತಪ್ಪುಗಳಲ್ಲಿ ಆ ರಿಯಾಯಿತಿ ಸಿಗುವುದು ಫೋನಿಗೆ ಮಾತ್ರ! ಒಂದು ಕೈಯಲ್ಲಿ "ಇದು ಅಪಾಯಕಾರಿ" ಅಂತ ಬರೆದು, ಇನ್ನೊಂದು ಕೈಯಲ್ಲಿ "ದುಡ್ಡು ಕಟ್ಟಿ ಹೋಗು" ಅಂದ ಹಾಗೆ. ನನ್ನ ಪ್ರಕಾರ ನಮ್ಮ ಫೋನ್ ಕಾನೂನಿನ ಇಡೀ ಗೊಂದಲ ಇಲ್ಲೇ ಇದೆ.

ಮಾಲೀಕರ ವಿಷಯ. ಕ್ಯಾಮೆರಾಗೆ ಕಾಣಿಸೋದು ನಂಬರ್ ಪ್ಲೇಟ್, ಹಾಗಾಗಿ ಚಲನ್ ನಿಮ್ಮ ಹೆಸರಿಗೆ ಬರುತ್ತೆ. ಓಡಿಸಿದವರು ಯಾರು ಅಂತ ಪೊಲೀಸರು ಕೇಳಿದರೆ 133ನೇ ಸೆಕ್ಷನ್ ಪ್ರಕಾರ ನೀವು ಹೇಳಲೇಬೇಕು. ಒಪ್ಪಿಗೆ ಇಲ್ಲದಿದ್ದರೆ ತಕರಾರು ಸಲ್ಲಿಸಬಹುದು. 2021ರಲ್ಲಿ ಸೇರಿಸಿದ 167ಎ ನಿಯಮದ ಪ್ರಕಾರ ಫೋಟೊದಲ್ಲಿ ತಪ್ಪೂ ನಂಬರ್ ಪ್ಲೇಟೂ ಸ್ಪಷ್ಟವಾಗಿ ಕಾಣಬೇಕು. ದಿನ, ಸಮಯ, ಜಾಗ ಇರಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಹೊರಡಬೇಕು. ನಿಮ್ಮ ಫೋಟೊದಲ್ಲಿ ದಿನಾಂಕ ನೋಡಿಕೊಳ್ಳಿ.

ದೊಡ್ಡಬಳ್ಳಾಪುರ ಎಕ್ಸ್‌ಪ್ರೆಸ್

ಕಿವಿ ಕೆರೆದುಕೊಳ್ಳೋಕೆ ಕಪ್ಪು ಹಲಗೆ ಯಾಕೆ ಬೇಕು ಅಂತ ಭಾವನ್ನ ಕೇಳಿ.

ತಲಪಾಡಿ ಆಚೆ

ನಾನು ಕಾಸರಗೋಡಿನವ. ನಮ್ಮ ಕಡೆ ಕಥೆ ಸ್ವಲ್ಪ ಬೇರೆ. 2018ರಲ್ಲಿ ಕೇರಳ ಹೈಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ಗಾಡಿ ಓಡಿಸುವಾಗ ಫೋನಿನಲ್ಲಿ ಮಾತಾಡಿದ ಒಂದೇ ಕಾರಣಕ್ಕೆ ಕೇರಳ ಪೊಲೀಸ್ ಕಾಯ್ದೆಯ 118(ಇ) ಅಡಿ ಕೇಸು ನಿಲ್ಲೋದಿಲ್ಲ, ಜನರಿಗೆ ಅಪಾಯ ಆಗಿರಬೇಕು ಅಂತ. ಅದನ್ನು ಓದಿದವರೆಲ್ಲ "ಫೋನ್ ಮಾತಾಡಬಹುದಂತೆ" ಅಂತ ವಾಟ್ಸ್ಯಾಪಿನಲ್ಲಿ ಹಂಚಿದ್ದೇ ಹಂಚಿದ್ದು. ಕೋರ್ಟ್ ಹೇಳಿದ್ದು ಅದಲ್ಲ. ಬರೆದಿಟ್ಟ ಕಾನೂನು ಇಲ್ಲದೆ ಶಿಕ್ಷೆ ಕೊಡೋಕೆ ಆಗಲ್ಲ ಅಂದಿತ್ತು, ಅಷ್ಟೇ. 2019ರ ತಿದ್ದುಪಡಿಯಲ್ಲಿ ಫೋನಿನ ಹೆಸರು ಸೇರಿದ ಮೇಲೆ ಆ ವಾದ ಮುಗೀತು.

2023ರ ಜೂನಿನಿಂದ ಇಲ್ಲಿ ಎಐ ಕ್ಯಾಮೆರಾ. ರಾಜ್ಯಕ್ಕೆಲ್ಲ 726. ಫೋನ್ ಹಿಡಿದರೆ 2,000. ಮೊದಮೊದಲು ಜನ ಎಷ್ಟು ಹೆದರಿದ್ದರು ಅಂದರೆ, ಮಂಗಳೂರಿನಿಂದ ಬರುವವರು ತಲಪಾಡಿ ಗೇಟು ಬಂತು ಅಂದ ಕೂಡಲೇ "ಇಡ್ತೇನೆ ಇಡ್ತೇನೆ, ಕೇರಳ ಬಂತು" ಅಂತ ಫೋನ್ ಇಡುತ್ತಿದ್ದರು. ಉಳ್ಳಾಲದಲ್ಲಿ ಮಾತಾಡಿದರೆ ಪರವಾಗಿಲ್ಲ, ಮಂಜೇಶ್ವರದಲ್ಲಿ ಮಾತಾಡಿದರೆ ಅಪಾಯ! ಅದೇ ರಸ್ತೆ, ಅದೇ ಡ್ರೈವರ್.

ಕೆಂಗೇರಿ ಕಿಟ್ಟಿ

@ಕೋರ್ಟ್ ಕಾರಿಡಾರ್, ಹಾಗಾದ್ರೆ ದುಡ್ಡು ಕಟ್ಟಿದರೆ ಎಲ್ಲ ಮುಗೀತಾ? ಲೈಸೆನ್ಸ್?

ಕೋರ್ಟ್ ಕಾರಿಡಾರ್

ಕಾಗದದ ಮೇಲೆ ಮುಗಿಯಲ್ಲ. ದಂಡ ಕಟ್ಟಿದರೂ ಅದು ಮೊದಲನೇ ತಪ್ಪು ಅಂತಲೇ ಲೆಕ್ಕ. 206(4)ರ ಪ್ರಕಾರ 184ರ ಕೇಸಿನಲ್ಲಿ ಪೊಲೀಸರು ಡ್ರೈವರನ ಲೈಸೆನ್ಸ್ ತೆಗೆದುಕೊಂಡು ಆರ್‌ಟಿಒಗೆ ಕಳಿಸಬೇಕು, ಅಲ್ಲಿ ಅಮಾನತು ಮಾಡಬಹುದು. ದಂಡ ಕಟ್ಟಿದ್ದೀನಿ ಅನ್ನೋದು ಅದಕ್ಕೆ ಅಡ್ಡ ಬರಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ್ದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಎಲ್ಲ ರಾಜ್ಯಗಳಿಗೆ ಹೇಳಿತ್ತು: ಫೋನ್ ಹಿಡಿದು ಓಡಿಸಿದರೆ ಕನಿಷ್ಠ 3 ತಿಂಗಳು ಲೈಸೆನ್ಸ್ ಅಮಾನತು ಮಾಡಿ ಅಂತ.

ಈಗ ಹೇಳಿ, ಕ್ಯಾಮೆರಾ ಯಾರ ಲೈಸೆನ್ಸ್ ಕಿತ್ತುಕೊಳ್ಳುತ್ತೆ? ಅದಕ್ಕೆ ಗೊತ್ತಿರೋದು ನಿಮ್ಮ ಕಾರು. ಭಾವನ ಲೈಸೆನ್ಸಲ್ಲ. ಇಲಾಖೆ ಯಾರು ಓಡಿಸಿದ್ದು ಅಂತ ಕೇಳಲ್ಲ, ನೀವು ದುಡ್ಡು ಕಟ್ಟುತ್ತೀರಿ, ಭಾವ ಆರಾಮಾಗಿ ಮುಂದಿನ ಮದುವೆಗೆ ಹೋಗುತ್ತಾರೆ.

ಪ್ಯಾರಮಟ್ಟಾ ಪಾಟೀಲ

ಸಿಡ್ನಿಯಿಂದ ಬರೀತಿದ್ದೀನಿ. ಮೂಲ ಗದಗ. ಇಲ್ಲಿ ಆಟ ಬೇರೆ. ನ್ಯೂ ಸೌತ್ ವೇಲ್ಸ್‌ನಲ್ಲಿ 2019ರ ಡಿಸೆಂಬರಿನಿಂದ ಫೋನ್ ಹಿಡಿಯೋ ಕ್ಯಾಮೆರಾ ಇವೆ. ಮೊದಲ ಮೂರು ತಿಂಗಳು ಎಚ್ಚರಿಕೆ ಪತ್ರ ಕಳಿಸಿದರು, 2020ರ ಮಾರ್ಚಿನಿಂದ ದಂಡ. ಕಂಪ್ಯೂಟರ್ ಅನುಮಾನ ಪಟ್ಟ ಫೋಟೊನ ಮನುಷ್ಯರು ನೋಡಿ ಖಾತ್ರಿ ಮಾಡ್ತಾರೆ. ಹಾಗಾಗಿ ಭಾವನ ಕಿವಿ ಕೆರೆತದ ಕಥೆ ಇಲ್ಲಿ ನಡೆಯಲ್ಲ.

ದಂಡನೂ ಜಾಸ್ತಿನೇ. ಆದ್ರೆ ಜನ ಹೆದರೋದು ದುಡ್ಡಿಗಲ್ಲ, ಪಾಯಿಂಟಿಗೆ. ಅಷ್ಟೂ ಹೋದರೆ ಲೈಸೆನ್ಸ್ ಅಮಾನತು. ಪೂರ್ತಿ ಲೈಸೆನ್ಸ್ ಇದ್ದವರಿಗೆ ಮೂರು ವರ್ಷಕ್ಕೆ 13 ಪಾಯಿಂಟ್. ಫೋನ್ ಹಿಡಿದರೆ ಒಂದೇ ಸಲಕ್ಕೆ 5 ಹೋಯ್ತು. ಈಸ್ಟರ್, ಕ್ರಿಸ್ಮಸ್ ರಜೆ ದಿನಗಳಲ್ಲಿ ದುಪ್ಪಟ್ಟು, ಅಂದ್ರೆ 10. ಚಲನ್ ಮಾಲೀಕರಿಗೇ ಬರುತ್ತೆ, ಆದ್ರೆ "ಓಡಿಸಿದ್ದು ಇವರು" ಅಂತ ಹೆಸರು ಬರೆದು ಕಳಿಸಬಹುದು, ಆಗ ಪಾಯಿಂಟ್ ಅವರ ಲೈಸೆನ್ಸಿಗೆ. ಕಿಟ್ಟಿಯವರ ಮನೆ ಜಗಳ ಇಲ್ಲಿ ಒಂದು ಫಾರ್ಮಿನಲ್ಲಿ ಮುಗೀತಿತ್ತು. ಎಲ್ ಮತ್ತು ಪಿ ಪ್ಲೇಟಿನ ಹೊಸ ಡ್ರೈವರುಗಳಂತೂ ಹ್ಯಾಂಡ್ಸ್‌ಫ್ರೀ ಕೂಡ ಬಳಸೋ ಹಾಗಿಲ್ಲ. ನಮ್ಮ ಮನೆಯ ಹುಡುಗಿ ಕಾರು ಹತ್ತಿದ ಕೂಡಲೇ ಫೋನನ್ನು ಹಿಂದಿನ ಸೀಟಿಗೆ ಎಸೀತಾಳೆ.

ಸುಮ್ನಿರಲಾರದ ಸುಬ್ಬ

ಪಾಯಿಂಟ್ ಅಂತೆ. ಇಲ್ಲಿ ಲೈಸೆನ್ಸೇ ಇಲ್ಲದೆ ಓಡಿಸುವವರಿದ್ದಾರೆ ಸ್ವಾಮಿ. ಅವರ ಪಾಯಿಂಟ್ ಎಲ್ಲಿಂದ ಕಳೀತೀರಿ? ಇದೆಲ್ಲ ದುಡ್ಡು ಎತ್ತುವ ದಂಧೆ. ಗುಂಡಿ ಮುಚ್ಚೋಕೆ ಆಗಲ್ಲ, ಕ್ಯಾಮೆರಾ ಹಾಕೋಕೆ ಆಗುತ್ತೆ.

ಬಿಡದಿ ಬ್ರೇಕ್

ಸುಬ್ಬ ಅವರೇ, ಗುಂಡಿ ಇರೋ ರಸ್ತೆಯಲ್ಲೇ ಅಲ್ವಾ ಕಣ್ಣು ಜಾಸ್ತಿ ರಸ್ತೆ ಮೇಲಿರಬೇಕು? ಲೆಕ್ಕ ಹಾಕಿ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. "ಎಲ್ಲಿದ್ದೀಯಾ" ಅಂತ ಬಂದ ಮೆಸೇಜ್ ಓದಿ "ಬಂದೆ" ಅಂತ ಟೈಪ್ ಮಾಡೋಕೆ 5 ಸೆಕೆಂಡ್ ಇಟ್ಟುಕೊಳ್ಳಿ. 80 ಮೀಟರಿಗಿಂತ ಜಾಸ್ತಿ ದೂರ ಕುರುಡಾಗಿ ಓಡಿಸಿದ ಹಾಗಾಯ್ತು. ಅಷ್ಟರಲ್ಲಿ ನಾಯಿ, ಹಸು, ಸ್ಕೂಲ್ ಮಕ್ಕಳು, ಹಂಪು, ಏನು ಬೇಕಾದರೂ ಬರಬಹುದು.

ದುಡ್ಡು ಎತ್ತುವ ಮಾತು ಪೂರ್ತಿ ಸುಳ್ಳು ಅನ್ನಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ಚಲನ್‌ಗಳಿಗೆ ಅರ್ಧ ರಿಯಾಯಿತಿ ಕೊಟ್ಟರು. ಬೆಂಗಳೂರಿನಲ್ಲಿ ಜನ ಸಾಲು ನಿಂತು 100 ಕೋಟಿಗಿಂತ ಜಾಸ್ತಿ ಕಟ್ಟಿದರು. 2025ರ ಆಗಸ್ಟಿನಲ್ಲಿ ಮತ್ತೆ ಅದೇ ರಿಯಾಯಿತಿ. ಈಗ ಯಾರಿಗೆ ಚಲನ್ ಬಂದರೂ ಬಾಯಲ್ಲಿ ಒಂದೇ ಮಾತು: "ಇರಲಿ ಬಿಡು, ಡಿಸ್ಕೌಂಟ್ ಬರುತ್ತೆ". ಆಷಾಢದ ಸೀರೆ ಸೇಲಿಗೆ ಕಾದ ಹಾಗೆ ಕಾಯ್ತಾರೆ. ಕಾನೂನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಕ್ರಾಯ್ಡನ್ ಕಾವ್ಯ

ಇಂಗ್ಲೆಂಡಿನ ಕಥೆ ಹೇಳಲಾ? ಇಲ್ಲಿ ಕೈಯಲ್ಲಿ ಫೋನ್ ಹಿಡಿಯೋದು 2003ರ ಡಿಸೆಂಬರಿನಿಂದಲೇ ನಿಷೇಧ. ಆದ್ರೆ ಕಾನೂನು ಬರೆದದ್ದು ಕರೆ ಮತ್ತು ಮೆಸೇಜಿನ ಕಾಲದಲ್ಲಿ. ಎರಡೂ ಕಡೆಯಿಂದ ಸಂಪರ್ಕ ನಡೆಯುತ್ತಿದ್ದರೆ ಮಾತ್ರ ತಪ್ಪು ಅನ್ನೋ ಅರ್ಥ ಬರುವಂತೆ ಇತ್ತು. ಒಬ್ಬಾತ ಅಪಘಾತ ಆದ ಜಾಗದ ಪಕ್ಕ ಕಾರು ಓಡಿಸುತ್ತಾ ಫೋನಿನಲ್ಲಿ ವಿಡಿಯೊ ಮಾಡಿದ. ಪೊಲೀಸರು ಹಿಡಿದರು. 2019ರಲ್ಲಿ ಹೈಕೋರ್ಟ್ ಅವನ ಪರ ತೀರ್ಪು ಕೊಟ್ಟಿತು! ವಿಡಿಯೊ ಮಾಡೋದು ಸಂಪರ್ಕ ಅಲ್ಲವಲ್ಲ.

ಆಮೇಲೆ ಕಾನೂನು ತಿದ್ದಿದರು. 2022ರ ಮಾರ್ಚ್ 25ರಿಂದ ಕೈಯಲ್ಲಿ ಹಿಡಿದು ಏನು ಮಾಡಿದರೂ ತಪ್ಪು. ಫೋಟೊ, ಹಾಡು ಬದಲಿಸೋದು, ಆಟ, ಎಲ್ಲ. ಸಿಗ್ನಲಿನಲ್ಲಿ ನಿಂತಿದ್ದರೂ ತಪ್ಪು. ತುರ್ತು ಕರೆಗೆ ವಿನಾಯಿತಿ ಇದೆ. ಗಾಡಿ ನಿಂತಿರುವಾಗ ಡ್ರೈವ್ ಥ್ರೂನಲ್ಲಿ ಫೋನ್ ಮುಟ್ಟಿಸಿ ದುಡ್ಡು ಕೊಡೋದಕ್ಕೂ ಇದೆ. 200 ಪೌಂಡ್, 6 ಪಾಯಿಂಟ್. ಲೈಸೆನ್ಸ್ ಸಿಕ್ಕಿ ಎರಡು ವರ್ಷ ಆಗಿಲ್ಲ ಅಂದ್ರೆ 6 ಪಾಯಿಂಟಿಗೆ ಲೈಸೆನ್ಸೇ ರದ್ದು, ಮತ್ತೆ ಪರೀಕ್ಷೆ. ಇಂಡಿಯಾದಿಂದ ಬಂದು ಹೊಸದಾಗಿ ಇಲ್ಲಿನ ಲೈಸೆನ್ಸ್ ಪರೀಕ್ಷೆ ಪಾಸಾದ ನಮ್ಮವರು ಇದನ್ನು ಮರೆಯಬಾರದು.

ಸ್ಯಾನ್ ಹೋಸೆ ಶೆಟ್ಟಿ

ಕ್ಯಾಲಿಫೋರ್ನಿಯಾದಲ್ಲೂ ಅದೇ ಗೋಳು. 2008ರ ಕಾನೂನು ಮಾತಾಡೋದನ್ನು ನಿಲ್ಲಿಸಿತು, 2009ರದ್ದು ಮೆಸೇಜ್. ಮ್ಯಾಪ್ ನೋಡೋದು? ಅದರಲ್ಲಿ ಇರಲಿಲ್ಲ. 2017ರಿಂದ ಕಾನೂನು ಬದಲಾಯ್ತು: ಫೋನ್ ಸ್ಟ್ಯಾಂಡಿನಲ್ಲಿರಬೇಕು, ಒಂದು ಸಲ ಮುಟ್ಟಬಹುದು ಅಥವಾ ಒಂದು ಸಲ ಸರಿಸಬಹುದು. ಆದ್ರೂ "ನಾನು ಬರೀ ಮ್ಯಾಪ್ ನೋಡ್ತಿದ್ದೆ" ಅಂತ ಒಬ್ಬರು ವಾದ ಮಾಡಿದರು. 2025ರ ಜೂನಿನಲ್ಲಿ ಅಪೀಲು ಕೋರ್ಟ್ ಹೇಳ್ತು: ಕೈಯಲ್ಲಿ ಹಿಡಿದು ಮ್ಯಾಪ್ ನೋಡಿದರೂ ಅದು ಬಳಕೆನೇ. ಇಲ್ಲಿ ಮೊದಲ ದಂಡ ಮೂಲ ಲೆಕ್ಕದಲ್ಲಿ ಬರೀ 20 ಡಾಲರ್, ಮೇಲಿನ ಶುಲ್ಕಗಳೇ ಜಾಸ್ತಿ.

ಪೀಣ್ಯ ಪಾರ್ಸಲ್

ಎಲ್ಲರೂ ದೊಡ್ಡ ದೊಡ್ಡ ಮಾತು ಆಡ್ತಿದ್ದೀರಾ. ನಾನು ಡೆಲಿವರಿ ಓಡಿಸೋನು. ನನ್ನ ಕೆಲಸನೇ ಫೋನು. ಆರ್ಡರ್ ಬಂದರೆ ಸ್ಕ್ರೀನ್ ಮೇಲೆ ಒಂದು ಗೆರೆ ಕರಗ್ತಾ ಹೋಗುತ್ತೆ. ಅದು ಮುಗಿಯೋದರೊಳಗೆ ಒತ್ತಲಿಲ್ಲ ಅಂದ್ರೆ ಆರ್ಡರ್ ಬೇರೆಯವರಿಗೆ. ಬಿಟ್ಟದ್ದು ಜಾಸ್ತಿ ಆದ್ರೆ ಇನ್ಸೆಂಟಿವ್ ಹೋಯ್ತು. ಅದು ಗಾಡಿ ಓಡ್ತಿದೆಯಾ ನಿಂತಿದೆಯಾ ನೋಡಲ್ಲ. ಹ್ಯಾಂಡಲಿಗೆ ಸ್ಟ್ಯಾಂಡ್ ಹಾಕಿದ್ದೀನಿ. ಮಳೆ ಬಂದ್ರೆ ಪ್ಲಾಸ್ಟಿಕ್ ಕವರ್. ಕವರ್ ಮೇಲೆ ನೀರು ನಿಂತರೆ ಅದೇ ಒತ್ತಿದ ಹಾಗಾಗಿ ಏನೇನೋ ಆಗುತ್ತೆ, ಆಗ ತೆಗೆದು ಒರೆಸಬೇಕು. ಆ ಕ್ಷಣಕ್ಕೆ ಪೊಲೀಸರು ನೋಡಿದರೆ ನಾನು ಫೋನ್ ಹಿಡಿದಿದ್ದೀನಿ.

ಕಸ್ಟಮರ್ ಕಾಲ್ ಮಾಡ್ತಾರೆ, "ಎಲ್ಲಿದ್ದೀರಾ, ಲೇಟಾಯ್ತು". ಎತ್ತದಿದ್ದರೆ ಕಂಪ್ಲೇಂಟು. ಎಷ್ಟೋ ಜನ ಹುಡುಗರು ಫೋನನ್ನು ಹೆಲ್ಮೆಟ್ಟಿನ ಒಳಗೆ ಕೆನ್ನೆಗೆ ತುರುಕಿಕೊಂಡು ಓಡಿಸ್ತಾರೆ. ಕೈಯಲ್ಲಿಲ್ಲ ತಾನೇ, ತಪ್ಪೇನು ಅಂತಾರೆ.

ನಿಂತು ನೋಡಿದವ

ಟ್ರಾಫಿಕ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಹೆಲ್ಮೆಟ್ ಫೋನ್ ಬಗ್ಗೆ ಎರಡು ಮಾತು. ಹಾಗೆ ತುರುಕಿದವರನ್ನು ಜಂಕ್ಷನ್ನಿನಲ್ಲಿ ದೂರದಿಂದಲೇ ಗುರುತು ಹಿಡಿಯಬಹುದು. ಕುತ್ತಿಗೆ ಒಂದು ಕಡೆ ವಾಲಿರುತ್ತೆ, ಪಟ್ಟಿ ಹಾಕಿರಲ್ಲ. ಫೋನ್ ಜಾರಿದರೆ ಕೈ ತಾನಾಗಿ ಮೇಲೆ ಹೋಗುತ್ತೆ, ಬಲಗೈ. ಬಲಗೈ ಹೋದರೆ ಆಕ್ಸಿಲರೇಟರೂ ಇಲ್ಲ, ಮುಂದಿನ ಬ್ರೇಕೂ ಇಲ್ಲ. ಪಟ್ಟಿ ಹಾಕದ ಹೆಲ್ಮೆಟ್ಟು ಬಿದ್ದಾಗ ತಲೆಗಿಂತ ಮೊದಲು ಉರುಳಿ ಹೋಗುತ್ತೆ. ಕೈಯಲ್ಲಿ ಹಿಡಿದಿಲ್ಲ ಅನ್ನೋ ವಾದ ಕಾನೂನು ಪುಸ್ತಕದಲ್ಲಿ ಮಾಡಬಹುದು, ರಸ್ತೆಯಲ್ಲಿ ಅಲ್ಲ.

ಇನ್ನೊಂದು. ಫೋನಿನಿಂದ ಸತ್ತವರ ಲೆಕ್ಕ ಸರ್ಕಾರದ ಪುಸ್ತಕದಲ್ಲಿ ಕಡಿಮೆ ಕಾಣುತ್ತೆ. 2021ರ ವರದಿಯಲ್ಲಿ ಇಡೀ ದೇಶಕ್ಕೆ 1,040 ಸಾವು. 2022ರಲ್ಲಿ ರಸ್ತೆ ಅಪಘಾತದ ಒಟ್ಟು ಸಾವು 1,68,491 ಅನ್ನೋದು ನೆನಪಿಟ್ಟುಕೊಂಡು ನೋಡಿ. ಇಷ್ಟು ಫೋನುಗಳ ದೇಶದಲ್ಲಿ ಅಷ್ಟು ಕಡಿಮೆ ಹೇಗೆ? ಅಪಘಾತ ಆದ ಜಾಗಕ್ಕೆ ನಾವು ಹೋಗೋ ಹೊತ್ತಿಗೆ ಫೋನ್ ಜೇಬಿನಲ್ಲಿರುತ್ತೆ, ಇಲ್ಲ ಯಾರೋ ಎತ್ತಿಕೊಂಡಿರುತ್ತಾರೆ. ಎಫ್‌ಐಆರ್‌ನಲ್ಲಿ "ಅತಿವೇಗ ಮತ್ತು ಅಜಾಗರೂಕತೆ" ಅಂತ ಬರೀತೀವಿ. ಒಪ್ಪಿಕೊಂಡವರದ್ದು, ಸಾಕ್ಷಿ ಸಿಕ್ಕಿದ್ದು ಮಾತ್ರ ಫೋನಿನ ಲೆಕ್ಕಕ್ಕೆ ಹೋಗುತ್ತೆ.

ಸುಮ್ನಿರಲಾರದ ಸುಬ್ಬ

ಸರಿ, ಹಾಗಾದ್ರೆ ಬ್ಲೂಟೂತ್‌ನಲ್ಲಿ ಮಾತಾಡೋರನ್ನ ಯಾಕೆ ಬಿಡ್ತಾರೆ? ದೊಡ್ಡ ಕಾರಿನವರಿಗೆ ಡ್ಯಾಶ್‌ಬೋರ್ಡ್ ತುಂಬ ಟಿವಿ ಇದೆ, ಅದು ಅಪಾಯ ಅಲ್ವಾ? ಸ್ಕೂಟರ್‌ನವನ ಕೈಯಲ್ಲಿರೋ ಫೋನ್ ಮಾತ್ರ ಅಪಾಯನಾ?

ಬಿಡದಿ ಬ್ರೇಕ್

ಈ ಸಲ ಸುಬ್ಬ ಅವರ ಮಾತಿಗೆ ನನ್ನ ಓಟು. 1997ರಲ್ಲೇ ಕೆನಡಾದ ಟೊರೊಂಟೊದಲ್ಲಿ ಫೋನ್ ಇದ್ದ 699 ಡ್ರೈವರುಗಳ ಅಪಘಾತ ಮತ್ತು ಕರೆಗಳ ದಾಖಲೆ ಹೋಲಿಸಿ ನೋಡಿದ್ದರು. ಮಾತಾಡುತ್ತಿರುವಾಗ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು. ಹ್ಯಾಂಡ್ಸ್‌ಫ್ರೀ ಇದ್ದವರಿಗೆ ಅದರಿಂದ ಲಾಭ ಏನೂ ಕಾಣಲಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2011ರಲ್ಲಿ ಹ್ಯಾಂಡ್ಸ್‌ಫ್ರೀನೂ ನಿಲ್ಲಿಸಿ ಅಂತ ರಾಜ್ಯಗಳಿಗೆ ಶಿಫಾರಸು ಮಾಡಿತು. ಯಾವ ರಾಜ್ಯವೂ ಎಲ್ಲ ಡ್ರೈವರುಗಳಿಗೆ ಹಾಗೆ ಮಾಡಲಿಲ್ಲ. ಕೈಯಲ್ಲಿರೋದು ಪೊಲೀಸರಿಗೆ ಕಾಣುತ್ತೆ, ತಲೆಯಲ್ಲಿರೋದು ಕಾಣಲ್ಲ. ಹಿಡಿಯೋಕೆ ಆಗೋದನ್ನೇ ಕಾನೂನು ಮಾಡ್ತಾರೆ.

ಪೀಣ್ಯ ಪಾರ್ಸಲ್

ಸ್ಟ್ಯಾಂಡಿನಲ್ಲಿಟ್ಟು ಮ್ಯಾಪ್ ನೋಡೋದು ಇಲ್ಲಿ ತಪ್ಪಾ? ಒಂದು ಸಲ ಅದಕ್ಕೂ ನಿಲ್ಲಿಸಿ ಕೇಳಿದ್ದರು.

ಕೋರ್ಟ್ ಕಾರಿಡಾರ್

ತಪ್ಪಲ್ಲ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಲ್ಲಿ ದಾರಿ ನೋಡೋದಕ್ಕೆ ಮಾತ್ರ ಸಾಧನ ಬಳಸಬಹುದು, ಚಾಲಕನ ಗಮನ ಕೆಡದಂತೆ ಇರಬೇಕು ಅಂತ ಇದೆ. ಗಮನ ಕೆಡದಂತೆ ಅಂದ್ರೆ ಎಷ್ಟು ಅಂತ ಬರೆದಿಲ್ಲ. ಕ್ಯಾಲಿಫೋರ್ನಿಯಾದ ಹಾಗೆ "ಒಂದು ಸಲ ಮುಟ್ಟಬಹುದು" ಅನ್ನೋ ಅಳತೆ ಇಲ್ಲ. ಹಾಗಾಗಿ ಮ್ಯಾಪ್ ನೋಡೋದು ಸರಿ, ಓಡ್ತಾ ಓಡ್ತಾ ಆರ್ಡರ್ ಒತ್ತೋದು ಕಷ್ಟ. ಅದು ದಾರಿ ನೋಡೋದಲ್ಲ. ಆ್ಯಪ್ ಕಂಪನಿಗಳು ಗಾಡಿ ನಿಂತಾಗ ಮಾತ್ರ ಆರ್ಡರ್ ತೋರಿಸಬಹುದು. ಜಿಪಿಎಸ್‌ನಿಂದ ವೇಗ ಅವರಿಗೆ ಗೊತ್ತೇ ಇರುತ್ತೆ. ಹಾಗೆ ಮಾಡಿ ಅಂತ ಒಂದು ಸಾಲಿನ ನಿಯಮ ತಂದರೆ ಸಾವಿರ ಕ್ಯಾಮೆರಾಗಿಂತ ಜಾಸ್ತಿ ಕೆಲಸ ಆಗುತ್ತೆ ಅಂತ ನನಗನಿಸುತ್ತೆ. ದಂಡ ಈಗ ಪೂರ್ತಿ ಸವಾರನ ಮೇಲೆ, ಗಡಿಯಾರ ಓಡಿಸುವವರ ಮೇಲೆ ಒಂದು ಪೈಸೆ ಇಲ್ಲ.

ಪೀಣ್ಯ ಪಾರ್ಸಲ್

ಅದನ್ನ ಮೊದಲು ಹೇಳಿ ಸಾರ್! ಮತ್ತೆ ಕಾಲ್ ಬಂದ್ರೆ ಪಕ್ಕಕ್ಕೆ ನಿಲ್ಲಿಸಿ ಮಾತಾಡು ಅಂತಾರೆ. ಹೊರವರ್ತುಲ ರಸ್ತೆಯಲ್ಲಿ ಪಕ್ಕ ಎಲ್ಲಿದೆ ತೋರಿಸಿ. ನಿಲ್ಲಿಸಿದರೆ ಹಿಂದಿನ ಬಸ್ಸಿನವನು ಹಾರ್ನ್, ಸರ್ವಿಸ್ ರಸ್ತೆಗೆ ಇಳಿದರೆ ನೋ ಪಾರ್ಕಿಂಗ್.

ನಿಂತು ನೋಡಿದವ

ಅದು ನಿಜ. ಫ್ಲೈಓವರ್ ಮೇಲೆ, ಅದರಲ್ಲೂ ಇಳಿಜಾರಿನಲ್ಲಿ, ಮಾತ್ರ ಯಾವತ್ತೂ ನಿಲ್ಲಿಸಬೇಡ ಮಾರಾಯ. ಫೋನ್ ಎತ್ತಬೇಡ, ಕೆಳಗಿಳಿದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ನೀನೇ ಕಾಲ್ ಮಾಡು. ಬಂಕಿನವರು ಏನೂ ಅನ್ನಲ್ಲ, ಪೆಟ್ರೋಲ್ ಹಾಕೋ ಜಾಗದಿಂದ ದೂರ ನಿಂತರೆ ಸಾಕು.

ತಲಪಾಡಿ ಆಚೆ

ಸವಾರನ ಹಿಂದೆ ಕೂತವರು ಫೋನ್ ಹಿಡಿದು ದಾರಿ ಹೇಳಬಹುದಾ? ನಮ್ಮ ಮನೆಯಲ್ಲಿ ಹಾಗೇ ನಡೆಯೋದು.

ಕೋರ್ಟ್ ಕಾರಿಡಾರ್

ಹೇಳಬಹುದು. ಕಾನೂನು ಇರೋದು ಓಡಿಸುವವರಿಗೆ. ಸವಾರನ ಕಿವಿಗೆ ಫೋನ್ ಹಿಡಿಯಬೇಡಿ ಅಷ್ಟೇ. ಅದನ್ನೂ ನೋಡಿದ್ದೀನಿ.